ವಿಲ್ಲೋ, ದಾನಪತ್ರವೋ, ವಾಟ್ನಿಯೋ? ಹೊಲ-ಮನೆ ಮಕ್ಕಳಿಗೆ ದಾಟಿಸುವ ಮುನ್ನ

ಸಿಂಧನೂರು, ಗಂಗಾವತಿ, ಸಿರುಗುಪ್ಪ, ಯಾವ ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ ನಿಂತರೂ ಪತ್ರ ಬರೆಯುವವರ ಮೇಜಿಗೆ ಬರುವ ಹಿರಿಯರ ಮಾತು ಹೆಚ್ಚೂಕಮ್ಮಿ ಒಂದೇ ಇರುತ್ತದೆ: “ಹೊಲ ಹುಡುಗರ ಹೆಸರಿಗೆ ಮಾಡಿಬಿಡಬೇಕ್ರೀ, ಏನ್ ಬರೀಬೇಕು?” ಒಬ್ಬರು ವಿಲ್ ಬರೆಯಿರಿ ಎನ್ನುತ್ತಾರೆ, ಇನ್ನೊಬ್ಬರು ಇವತ್ತೇ ದಾನಪತ್ರ ಮಾಡಿ ಕೈತೊಳೆದುಕೊಳ್ಳಿ ಎನ್ನುತ್ತಾರೆ, ಮನೆಯಲ್ಲಿ ತಮ್ಮಂದಿರು ವಾಟ್ನಿ, ಅಂದರೆ ಪಾಲು ವಿಭಾಗ, ಆಗಲಿ ಎಂದು ಕೂತಿರುತ್ತಾರೆ. ಯಾವ ಪತ್ರ ಎಂಬುದು ಎರಡನೆಯ ಪ್ರಶ್ನೆ. ಆಸ್ತಿ ಯಾವುದು, ಅದು ನಿಮ್ಮ ಕೈಗೆ ಹೇಗೆ ಬಂತು ಎಂಬುದು ಮೊದಲನೆಯದು. ಅದು ಗೊತ್ತಾದರೆ ಅರ್ಧ ದಾರಿಗಳು ತಾವೇ ಮುಚ್ಚಿಕೊಳ್ಳುತ್ತವೆ, ಉಳಿದವುಗಳಲ್ಲಿ ಆರಿಸುವುದು ಸುಲಭ.

ಅಳೆಯಬೇಕಾದ್ದು ಐದು: ಆಸ್ತಿಯ ಮೂಲ, ಬದುಕಿರುವವರೆಗೆ ಹಿಡಿತ ಯಾರ ಕೈಯಲ್ಲಿರಬೇಕು, ಮನಸ್ಸು ಬದಲಾದರೆ ಹಿಂದೆ ಪಡೆಯಲು ಬರುತ್ತದೆಯೇ, ಖರ್ಚು ಈಗಲೋ ಆಮೇಲೋ, ಯಾರಾದರೂ ಕೋರ್ಟಿಗೆ ಹೋದರೆ ಪತ್ರ ನಿಲ್ಲುತ್ತದೆಯೇ.

ಮೊದಲು ಮೂಲ

ಪಹಣಿಯ 9ನೇ ಕಾಲಂನಲ್ಲಿ ನಿಮ್ಮ ಹೆಸರೊಂದೇ ಇದೆ ಎಂದಮಾತ್ರಕ್ಕೆ ಆ ಹೊಲ ನಿಮ್ಮೊಬ್ಬರದೇ ಆಗುವುದಿಲ್ಲ. ಪಹಣಿ ಕಂದಾಯದ ದಾಖಲೆ, ಒಡೆತನದ ಕೊನೆಯ ಮಾತಲ್ಲ. 10ನೇ ಕಾಲಂನಲ್ಲಿರುವ ಮ್ಯುಟೇಶನ್ (ಖಾತೆ ಬದಲಾವಣೆ) ನಂಬರ್ ಹಿಡಿದು ಹಿಂದಕ್ಕೆ ಹೋಗಿ, ಆ ಮ್ಯುಟೇಶನ್ ಖರೀದಿಯಿಂದ ಆದದ್ದೋ, ವಾಟ್ನಿಯಿಂದಲೋ, ಖಾತೆದಾರ ತೀರಿದ ಮೇಲಿನ ಪೌತಿಯಿಂದಲೋ, ಸರ್ಕಾರದ ಮಂಜೂರಾತಿಯಿಂದಲೋ ನೋಡಿ.

ನಿಮ್ಮ ಸ್ವಂತ ದುಡಿಮೆಯಿಂದ ಖರೀದಿಸಿದ್ದು ಸ್ವಯಾರ್ಜಿತ. ಅದನ್ನು ಯಾರಿಗೆ ಬೇಕಾದರೂ ಬರೆಯಬಹುದು, ಮಕ್ಕಳ ಒಪ್ಪಿಗೆ ಬೇಕಿಲ್ಲ. ಅಜ್ಜ-ಮುತ್ತಜ್ಜರಿಂದ ಒಟ್ಟು ಕುಟುಂಬದಲ್ಲಿ ಇಳಿದು ಬಂದದ್ದು ಪಿತ್ರಾರ್ಜಿತ. ಅದರಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಪಾಲಿದೆ. 9 ಸೆಪ್ಟೆಂಬರ್ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಅಷ್ಟೇ. ಆ ದಿನ ತಂದೆ ಬದುಕಿರಲಿ, ಬಿಡಲಿ, ಮಗಳ ಹಕ್ಕು ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಖಚಿತಪಡಿಸಿದೆ. “ಮದುವೆಯಲ್ಲಿ ಬಂಗಾರ ಕೊಟ್ಟೀವಿ, ಅದೇ ಅವಳ ಪಾಲು” ಎಂಬ ಮಾತು ಊರಿನ ಕಟ್ಟೆಯ ಮೇಲೆ ನಡೆಯುತ್ತದೆ, ಕೋರ್ಟಿನಲ್ಲಿ ನಡೆಯುವುದಿಲ್ಲ. ಹಾಗೆಂದು ಅಪ್ಪ ತೀರಿದ ಮೇಲೆ ಬಂದದ್ದೆಲ್ಲ ಪಿತ್ರಾರ್ಜಿತ ಎಂಬುದೂ ತಪ್ಪು. ಅಪ್ಪನ ಸ್ವಯಾರ್ಜಿತ ಹೊಲ ಅವರ ನಂತರ ವಾರಸಿನಿಂದ ನಿಮಗೆ ಬಂದಿದ್ದರೆ ಅದು ನಿಮ್ಮ ಸ್ವಂತದ್ದೇ.

ಲೆಕ್ಕ ಹಾಕಿ ನೋಡಿ. 12 ಎಕರೆ ಪಿತ್ರಾರ್ಜಿತ ಹೊಲ, ತಂದೆ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು, ಹೆಂಡತಿ ತೀರಿಕೊಂಡಿದ್ದಾರೆ. ಪಾಲು ನಾಲ್ಕು, ತಲಾ 3 ಎಕರೆ. ತಂದೆ ವಿಲ್ ಬರೆಯಬಹುದಾದದ್ದು ತನ್ನ 3 ಎಕರೆಗೆ ಮಾತ್ರ. 12 ಎಕರೆಯನ್ನೂ ಹಿರಿಮಗನಿಗೆ ಎಂದು ಬರೆದರೆ ಆ ವಿಲ್ 9 ಎಕರೆಯ ಮಟ್ಟಿಗೆ ಕಾಗದವಷ್ಟೇ.

ಇಲ್ಲೊಂದು ಸೂಕ್ಷ್ಮವಿದೆ, ಬಹಳ ಜನ ಎಡವುವ ಜಾಗ. ಪಿತ್ರಾರ್ಜಿತದಲ್ಲಿ ವಿಭಾಗವಾಗದ ನಿಮ್ಮ ಪಾಲನ್ನು ಹಿಂದೂ ಉತ್ತರಾಧಿಕಾರ ಕಾಯ್ದೆಯ 30ನೇ ಕಲಂ ಪ್ರಕಾರ ವಿಲ್ ಮೂಲಕ ಕೊಡಬಹುದು. ಅದೇ ಪಾಲನ್ನು ಉಳಿದ ಪಾಲುದಾರರ ಒಪ್ಪಿಗೆಯಿಲ್ಲದೆ ದಾನಪತ್ರದ ಮೂಲಕ ಕೊಡಲು ಬರುವುದಿಲ್ಲ. ಕೊಟ್ಟರೆ ಆ ದಾನ ಅಸಿಂಧು. ಆದ್ದರಿಂದ ಒಟ್ಟು ಖಾತೆಯ ಹೊಲಕ್ಕೆ “ಒಂದು ದಾನಪತ್ರ ಒಗಾಯಿಸಿಬಿಡೋಣ” ಎನ್ನುವವರ ಮಾತು ಕೇಳಬೇಡಿ.

ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಲ್ಲಿ ಇನ್ನೆರಡು ಮೂಲಗಳನ್ನು ಬೇರೆಯಾಗಿಯೇ ನೋಡಬೇಕು. ಒಂದು, ಪರಿಶಿಷ್ಟ ಜಾತಿ-ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು. 1978ರ ಪಿಟಿಸಿಎಲ್ ಕಾಯ್ದೆಯಡಿ ಇದನ್ನು ಸರ್ಕಾರದ ಅನುಮತಿಯಿಲ್ಲದೆ ಮಾರುವಂತಿಲ್ಲ. ಆ ಕಾಯ್ದೆ ‘ಪರಭಾರೆ’ ಎನ್ನುವುದರಲ್ಲಿ ದಾನವೂ ಸೇರಿದೆ, ಆದರೆ ಕುಟುಂಬದೊಳಗಿನ ವಾಟ್ನಿ ಮತ್ತು ವಿಲ್ ಸೇರಿಲ್ಲ. ಅಂದರೆ ಇಂಥ ಹೊಲವನ್ನು ಮಗನಿಗೆ ದಾನ ಬರೆದರೆ ತೊಡಕು. ಮಕ್ಕಳ ನಡುವೆ ವಾಟ್ನಿ ಮಾಡಿದರೆ ಅಥವಾ ವಿಲ್ ಬರೆದರೆ ಆ ತೊಡಕಿಲ್ಲ.

ಎರಡನೆಯದು ಇಲ್ಲಿ ದೊಡ್ಡ ಸಂಖ್ಯೆಯಲ್ಲಿರುವ ವಾಲ್ಮೀಕಿ ನಾಯಕ ಕುಟುಂಬಗಳ ವಿಷಯ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2(2)ನೇ ಕಲಂ ಪ್ರಕಾರ, ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು ಆ ಕಾಯ್ದೆ ಪರಿಶಿಷ್ಟ ಪಂಗಡಗಳಿಗೆ ಅನ್ವಯಿಸುವುದಿಲ್ಲ. ಹೆಣ್ಣುಮಕ್ಕಳಿಗೆ ಪಾಲು ಕಾನೂನಿನಿಂದ ತಾನೇ ಬರುತ್ತದೆ ಎಂದು ಇವರು ನಂಬಿ ಕೂರುವಂತಿಲ್ಲ. ಮಗಳಿಗೆ ಕೊಡುವ ಮನಸ್ಸಿದ್ದರೆ ಬರೆದೇ ಕೊಡಬೇಕು.

ಏನೂ ಬರೆಯದೆ ಬಿಟ್ಟರೆ

ಇದೂ ಒಂದು ಆಯ್ಕೆಯೇ, ಹೆಚ್ಚಿನವರು ಗೊತ್ತಿಲ್ಲದೆ ಆರಿಸಿಕೊಂಡದ್ದು. ಖಾತೆದಾರ ತೀರಿದ ಮೇಲೆ ವಾರಸುದಾರರು ಮರಣ ಪ್ರಮಾಣಪತ್ರ, ವಂಶವೃಕ್ಷ, ಆಧಾರ್ ಹಿಡಿದು ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು ಪೌತಿ ಖಾತೆ ಮಾಡಿಸಿಕೊಳ್ಳುತ್ತಾರೆ. ಮುದ್ರಾಂಕ ಶುಲ್ಕವಿಲ್ಲ. ಹಿಂದೂ ಗಂಡಸಿನ ಸ್ವಯಾರ್ಜಿತವಾದರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ತಾಯಿ, ಎಲ್ಲರಿಗೂ ಸಮಪಾಲು. 10 ಎಕರೆ, ಹೆಂಡತಿ, ಮೂವರು ಮಕ್ಕಳು, ತಾಯಿ ಇದ್ದರೆ ತಲಾ 2 ಎಕರೆ. ಎರಡನೆಯ ಸಂಬಂಧದ ಮಕ್ಕಳಿದ್ದರೆ ತಂದೆಯ ಪಾಲಿನಲ್ಲಿ ಅವರೂ ವಾರಸುದಾರರೇ, 2023ರ ರೇವಣಸಿದ್ದಪ್ಪ ತೀರ್ಪು ಅದನ್ನು ಸ್ಪಷ್ಟಪಡಿಸಿದೆ. ಆದರೆ ಮೊದಲ ಹೆಂಡತಿ ಇರುವಾಗ ಕಟ್ಟಿಕೊಂಡ ಎರಡನೆಯವಳಿಗೆ ಹೆಂಡತಿಯೆಂಬ ವಾರಸು ಹಕ್ಕು ಇಲ್ಲ. ಅವಳಿಗೆ ಏನಾದರೂ ಉಳಿಯಬೇಕೆಂದರೆ ವಿಲ್ ಅಥವಾ ದಾನಪತ್ರವೇ ಗತಿ.

ಒಬ್ಬನೇ ವಾರಸುದಾರನಿದ್ದರೆ, ಅಥವಾ ಮಕ್ಕಳೆಲ್ಲ ಒಂದೇ ಮಾತಿನಲ್ಲಿದ್ದರೆ ಪೌತಿ ಸಾಕು. ತೊಂದರೆ ಬರುವುದು ಪೌತಿಯನ್ನೂ ಮಾಡಿಸದೆ ಬಿಟ್ಟಾಗ. ಅಜ್ಜನ ಹೆಸರಿನಲ್ಲೇ ಪಹಣಿ ನಿಂತು ಎರಡು ತಲೆಮಾರು ದಾಟಿದರೆ ವಂಶವೃಕ್ಷದಲ್ಲಿ ಇಪ್ಪತ್ತು-ಮೂವತ್ತು ಹೆಸರು ಬೆಳೆದು, ಒಬ್ಬರು ಮುಂಬೈಯಲ್ಲಿ, ಒಬ್ಬರು ಆದೋನಿಯಲ್ಲಿ, ಒಬ್ಬರು ಮಾತು ಬಿಟ್ಟು ಕೂತಿರುತ್ತಾರೆ. ಅಲ್ಲಿಯವರೆಗೆ ಬೆಳೆಸಾಲ, ಬೆಳೆ ವಿಮೆ, ಬೆಂಬಲ ಬೆಲೆ ಖರೀದಿ ಎಲ್ಲದಕ್ಕೂ ತೊಡಕು, ಏಕೆಂದರೆ ರೈತರ ನೋಂದಣಿ ಸಂಖ್ಯೆಯಾದ ಫ್ರೂಟ್ಸ್ ಐಡಿ ಪಹಣಿಯ ಹೆಸರಿಗೆ ಜೋಡಣೆಯಾಗಿರುತ್ತದೆ.

ವಿಲ್: ಹಿಡಿತ ಬಿಡದೆ ಕೊಡುವುದು

ಮೃತ್ಯುಪತ್ರ ಎನ್ನಿ, ಉಯಿಲು ಎನ್ನಿ, ಇದರ ಬಲ ಒಂದೇ: ನೀವಿರುವವರೆಗೆ ಹೊಲ ನಿಮ್ಮದು, ಪಹಣಿ ನಿಮ್ಮದು, ಸಾಲ-ಸವಲತ್ತು ನಿಮ್ಮದು, ಬೇಕೆಂದಾಗ ಹರಿದು ಹೊಸದು ಬರೆಯಬಹುದು. ನೋಂದಾಯಿಸಿದ ವಿಲ್ಲನ್ನು ನೋಂದಾಯಿಸದ ಹೊಸ ವಿಲ್ ಕೂಡ ರದ್ದುಮಾಡುತ್ತದೆ. ಲೆಕ್ಕಕ್ಕೆ ಬರುವುದು ಕೊನೆಯದು.

ಖರ್ಚು ಎಲ್ಲಕ್ಕಿಂತ ಕಡಿಮೆ. ಮುದ್ರಾಂಕ ಶುಲ್ಕವಿಲ್ಲ, ಬಾಂಡ್ ಪೇಪರ್ ಬೇಕಿಲ್ಲ, ಬಿಳಿ ಹಾಳೆಯಲ್ಲಿ ಕೈಬರಹದಲ್ಲಿ ಬರೆದರೂ ಆಗುತ್ತದೆ. ನೋಂದಣಿ ಕಡ್ಡಾಯವಲ್ಲ. ಆದರೂ ಮಾಡಿಸಿ. ನೋಂದಣಿಯಾದರೆ ನಿಮ್ಮ ಫೋಟೊ, ಹೆಬ್ಬೆಟ್ಟು ಕಚೇರಿಯ ದಾಖಲೆಯಲ್ಲಿ ಉಳಿಯುತ್ತದೆ, ಮೂಲ ಪ್ರತಿ ಕಳೆದರೂ ದೃಢೀಕೃತ ನಕಲು ಸಿಗುತ್ತದೆ. ನೀವು ಬದುಕಿರುವವರೆಗೆ ಆ ನಕಲು ನಿಮಗೆ ಅಥವಾ ನಿಮ್ಮ ಅಧಿಕೃತ ಪ್ರತಿನಿಧಿಗೆ ಮಾತ್ರ ಸಿಗುತ್ತದೆ, ಋಣಭಾರ ಪತ್ರದಲ್ಲೂ ವಿಲ್ ಕಾಣಿಸುವುದಿಲ್ಲ. ಗುಟ್ಟು ಹೊರಬೀಳುತ್ತದೆಂಬ ಅಂಜಿಕೆ ಬೇಡ. ಅದಕ್ಕಿಂತಲೂ ಗುಟ್ಟು ಬೇಕೆಂದರೆ ಮುಚ್ಚಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯ ಬಳಿ ಠೇವಣಿ ಇಡಬಹುದು. ಹಾಸಿಗೆ ಹಿಡಿದವರಿದ್ದರೆ ಅರ್ಜಿ ಕೊಟ್ಟು ಅಧಿಕಾರಿಯನ್ನು ಮನೆಗೇ ಕರೆಸಿಕೊಳ್ಳಲು ಅವಕಾಶವಿದೆ. ನೋಟರಿ ಮುದ್ರೆ ನೋಂದಣಿಯಲ್ಲ.

ವಿಲ್ ಬೀಳುವುದು ಹೆಚ್ಚಾಗಿ ಸಾಕ್ಷಿಗಳ ಕಡೆಯಿಂದ. ಇಬ್ಬರು ಸಾಕ್ಷಿಗಳು ಬೇಕು. ಪ್ರತಿಯೊಬ್ಬರೂ ನೀವು ಸಹಿ ಅಥವಾ ಹೆಬ್ಬೆಟ್ಟು ಹಾಕುವುದನ್ನು ಕಣ್ಣಾರೆ ನೋಡಿ, ನಿಮ್ಮೆದುರೇ ತಾವೂ ಸಹಿ ಹಾಕಬೇಕು. ಚಹಾ ಅಂಗಡಿಯಲ್ಲಿ ಕೂತವರನ್ನು ಆಮೇಲೆ ಕರೆದು ಸಹಿ ಹಾಕಿಸಿದರೆ ಕೆಟ್ಟಿತು. ನಿಮ್ಮ ಕಾಲದ ನಂತರ ಜಗಳವಾದರೆ ಅವರಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಇದನ್ನು ಹೇಳಬೇಕು. ಆದ್ದರಿಂದ ನಿಮಗಿಂತ ಹತ್ತು-ಹದಿನೈದು ವರ್ಷ ಚಿಕ್ಕವರು, ಊರಲ್ಲೇ ಇರುವವರು, ವಿಲ್ಲಿನಲ್ಲಿ ಏನೂ ಪಡೆಯದವರು ಇರಲಿ. ಪತ್ರ ಬರೆದವರ ಸಹಿಯಾಗಲಿ ಸಬ್ ರಿಜಿಸ್ಟ್ರಾರರ ಸಹಿಯಾಗಲಿ ಸಾಕ್ಷಿಯ ಸಹಿಯ ಜಾಗ ತುಂಬುತ್ತದೆಂದು ನಂಬಬೇಡಿ.

ಎರಡನೆಯದು ಅನುಮಾನದ ಸನ್ನಿವೇಶ. ಹಳೆಯ ಮೈಸೂರು ರಾಜ್ಯದಿಂದಲೇ ಹೋದ ವೆಂಕಟಾಚಲ ಅಯ್ಯಂಗಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ಇಂದಿಗೂ ವಿಲ್ ದಾವೆಗಳಲ್ಲಿ ಮುಂದಿಡುತ್ತಾರೆ. ಲಾಭ ಪಡೆಯುವ ಮಗನೇ ವಕೀಲರನ್ನು ಹಿಡಿದು, ಗಾಡಿ ಮಾಡಿ, ಸಾಕ್ಷಿ ಕರೆತಂದಿದ್ದರೆ, ಸಹಿ ನಡುಗಿದ್ದರೆ, ಹೆಂಡತಿ-ಮಗಳ ಹೆಸರು ಕಾರಣವಿಲ್ಲದೆ ಬಿಟ್ಟುಹೋಗಿದ್ದರೆ, ಆ ಅನುಮಾನ ಕಳೆಯುವ ಹೊಣೆ ವಿಲ್ ಮುಂದಿಟ್ಟವರ ಮೇಲೆ. ಅದಕ್ಕೆ ಮದ್ದು ನೀವು ಬರೆಯುವಾಗಲೇ ಹಾಕಬೇಕು: ವಯಸ್ಸಾಗಿದ್ದರೆ ಅದೇ ದಿನ ವೈದ್ಯರಿಂದ ಬುದ್ಧಿ ಸ್ಥಿಮಿತದಲ್ಲಿದೆ ಎಂಬ ಪ್ರಮಾಣಪತ್ರ, ಯಾರಿಗಾದರೂ ಕಡಿಮೆ ಕೊಟ್ಟಿದ್ದರೆ ಒಂದು ಸಾಲಿನಲ್ಲಿ ಕಾರಣ, ನಿಮಗೆ ಬರುವ ಭಾಷೆಯಲ್ಲೇ ಬರಹ. ಕ್ಯಾಂಪುಗಳಲ್ಲಿ ತೆಲುಗು ಮಾತಾಡುವ ಹಿರಿಯರು ಕನ್ನಡದಲ್ಲಿ ಬರೆಸುವುದಾದರೆ “ಓದಿ ತೆಲುಗಿನಲ್ಲಿ ತಿಳಿಸಿ ಹೇಳಲಾಗಿದೆ” ಎಂಬ ಸಾಲು, ಹಾಗೆ ತಿಳಿಸಿದವರ ಸಹಿ ಸೇರಿಸಿ.

ಮೂರನೆಯದು ಹೊಲದ ವಿವರ. “ನನ್ನ ಹೊಲವನ್ನು ಇಬ್ಬರು ಮಕ್ಕಳೂ ಸಮನಾಗಿ ಹಂಚಿಕೊಳ್ಳತಕ್ಕದ್ದು” ಎಂದು ಬರೆದರೆ ನೀವು ಜಗಳವನ್ನು ಮುಂದೂಡಿದ್ದೀರಿ, ಅಷ್ಟೇ. ತುಂಗಭದ್ರಾ ಕಾಲುವೆಯ ಕೆಳಗೆ ಎಲ್ಲ ಎಕರೆಯೂ ಒಂದೇ ಅಲ್ಲ. ತೂಬಿನ ಹತ್ತಿರದ ಎಕರೆಗೂ ಬಾಲದಂಚಿನ ಎಕರೆಗೂ ಬೆಲೆಯಲ್ಲಿ, ನೀರಿನಲ್ಲಿ ಎಷ್ಟು ಅಂತರವಿದೆಯೆಂದು ಮಾನ್ವಿ ಕಡೆಯವರಿಗೆ ಹೇಳಬೇಕಿಲ್ಲ. ಸರ್ವೆ ನಂಬರ್, ಹಿಸ್ಸಾ, ಎಕರೆ-ಗುಂಟೆ, ನಾಲ್ಕು ದಿಕ್ಕಿನ ಚೆಕ್ಕುಬಂದಿ ಬರೆದು, ನಂತರ ಹೀಗೆ ಸೇರಿಸಿ: “ಸರ್ವೆ ನಂ. 112/3ರ 4 ಎಕರೆ 20 ಗುಂಟೆಯಲ್ಲಿ ಉತ್ತರದ 2 ಎಕರೆ 10 ಗುಂಟೆ ಹಿರಿಯ ಮಗನಿಗೆ, ದಕ್ಷಿಣದ 2 ಎಕರೆ 10 ಗುಂಟೆ ಕಿರಿಯ ಮಗನಿಗೆ. ಉತ್ತರ ಭಾಗದ ಪೂರ್ವ ಬದುವಿನ ಗುಂಟ ಇರುವ ಹೊಲಗಾಲುವೆಯ ನೀರು ಮತ್ತು ಬಂಡಿದಾರಿಗೆ ಕಿರಿಯ ಮಗನಿಗೂ ಶಾಶ್ವತ ಹಕ್ಕಿರತಕ್ಕದ್ದು.” ಬೋರ್‌ವೆಲ್ ಒಂದೇ ಇದ್ದರೆ ಅದು ಯಾರ ಭಾಗದಲ್ಲಿದೆ, ಸರದಿ ಹೇಗೆ, ಜೆಸ್ಕಾಂ ವಿದ್ಯುತ್ ಸಂಪರ್ಕದ ಆರ್‌ಆರ್ ನಂಬರ್ ಯಾರ ಹೆಸರಿಗೆ ಹೋಗಬೇಕು, ಇದನ್ನೂ ಬರೆಯಿರಿ. ದಾರಿ ಮತ್ತು ನೀರಿನ ಒಂದು ಸಾಲು ಬಿಟ್ಟುಹೋದದ್ದಕ್ಕೆ ಅಣ್ಣ-ತಮ್ಮಂದಿರು ಮುನ್ಸೀಫ್ ಕೋರ್ಟಿನಿಂದ ಹೈಕೋರ್ಟಿನವರೆಗೂ ಅಲೆದಾಡಬಹುದು. ಕೊಪ್ಪಳ-ಬಳ್ಳಾರಿಯವರಿಗೆ ಅದು ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ ಪೀಠ.

ಕೊನೆಗೆ ಎರಡು ಸಾಲು ಮರೆಯಬೇಡಿ: ಹೆಸರಿಸಿದವರು ನಿಮಗಿಂತ ಮೊದಲೇ ತೀರಿದರೆ ಆ ಭಾಗ ಯಾರಿಗೆ, ಮತ್ತು ಇಲ್ಲಿ ಬರೆಯದೆ ಉಳಿದ ಆಸ್ತಿ ಯಾರಿಗೆ.

ವಿಲ್ಲಿನ ಕೊರತೆ ಏನೆಂದರೆ, ಅದನ್ನು ಪ್ರಶ್ನಿಸುವ ಹೊತ್ತಿಗೆ ಉತ್ತರ ಕೊಡಲು ನೀವಿರುವುದಿಲ್ಲ. ನಮ್ಮ ಕಡೆ ಪ್ರೊಬೇಟ್, ಅಂದರೆ ಕೋರ್ಟಿನಿಂದ ವಿಲ್ಲಿನ ದೃಢೀಕರಣ, ಕಡ್ಡಾಯವಿಲ್ಲ; ವಿಲ್ ಮತ್ತು ಮರಣ ಪ್ರಮಾಣಪತ್ರದ ಮೇಲೆ ಖಾತೆ ಬದಲಾವಣೆಗೆ ಅರ್ಜಿ ಕೊಡಬಹುದು. ಆದರೆ ಒಬ್ಬ ವಾರಸುದಾರ ತಕರಾರು ಅರ್ಜಿ ಕೊಟ್ಟರೆ ಕಂದಾಯ ಕಚೇರಿಯವರು ಸಾಮಾನ್ಯವಾಗಿ ಸಿವಿಲ್ ಕೋರ್ಟಿಗೆ ಹೋಗಿ ಎಂದು ಕೈಚೆಲ್ಲುತ್ತಾರೆ.

ದಾನಪತ್ರ: ಇವತ್ತೇ ದಾಟಿತು

ಮಕ್ಕಳು ಅವಸರ ಮಾಡುವುದು ಇದಕ್ಕೇ. ನೋಂದಣಿ ಕಡ್ಡಾಯ, ಇಬ್ಬರು ಸಾಕ್ಷಿಗಳು ಬೇಕು, ದಾನ ಪಡೆಯುವವರು ನೀವು ಬದುಕಿರುವಾಗಲೇ ಸ್ವೀಕರಿಸಬೇಕು. ಹೆಂಡತಿ, ಮಕ್ಕಳಂಥ ಹತ್ತಿರದವರಿಗೆ ಕೊಟ್ಟರೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಶೇಕಡಾ ಲೆಕ್ಕದಲ್ಲಿಲ್ಲ, ನಿಗದಿತ ಮೊತ್ತ. ಗ್ರಾಮ ಪಂಚಾಯಿತಿಯಲ್ಲಿ ಕಡಿಮೆ, ಗಂಗಾವತಿಯಂಥ ನಗರಸಭೆಯಲ್ಲಿ ಹೆಚ್ಚು, ಬಳ್ಳಾರಿ ಮಹಾನಗರ ಪಾಲಿಕೆಯಲ್ಲಿ ಇನ್ನೂ ಹೆಚ್ಚು. ಕುಟುಂಬದ ಪಟ್ಟಿಯಲ್ಲಿ ಇಲ್ಲದವರಿಗೆ ಕೊಟ್ಟರೆ ಮಾರುಕಟ್ಟೆ ಬೆಲೆಯ ಮೇಲೆ ಶೇಕಡಾ ಲೆಕ್ಕದ ಶುಲ್ಕ ಬೀಳುತ್ತದೆ. ಅಳಿಯನ ಹೆಸರಿಗೆ ಬರೆಯುವ ಮುನ್ನ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್ಲಿನಲ್ಲಿ ಶುಲ್ಕ ಲೆಕ್ಕ ಹಾಕಿ ನೋಡಿ. ಮಗಳ ಹೆಸರಿಗೆ ಬರೆಯುವುದು ಅಗ್ಗ, ಭದ್ರವೂ ಹೌದು.

ಕಾಗದಪತ್ರಗಳೂ ಬೇಕು. ಪಟ್ಟಣದ ಮನೆಗೆ ಇ-ಖಾತೆ, ಹಳ್ಳಿಯ ಮನೆಗೆ ಇ-ಸ್ವತ್ತಿನ ನಮೂನೆ 9 ಮತ್ತು 11, ಹೊಲದ ಒಂದು ಭಾಗವನ್ನಷ್ಟೇ ಕೊಡುವುದಾದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ. ಹಳೆಯ ಹಳ್ಳಿ ಮನೆಗಳಿಗೆ ಇ-ಸ್ವತ್ತು ಆಗಿರುವುದೇ ಇಲ್ಲ; ಅದಕ್ಕೇ ಓಡಾಟ ಹೆಚ್ಚು. ಪಹಣಿಯ 11ನೇ ಕಾಲಂನಲ್ಲಿ ವಿಎಸ್‌ಎಸ್‌ಎನ್ (ಊರಿನ ಸಹಕಾರ ಸಂಘ) ಅಥವಾ ಬ್ಯಾಂಕಿನ ಸಾಲದ ಬೋಜ ಇದ್ದರೆ ಮೊದಲು ಸಾಲ ತೀರಿಸಿ, ಬೇಬಾಕಿ ಪತ್ರ ತಂದು ಬೋಜ ಇಳಿಸಿ.

ಒಮ್ಮೆ ಬರೆದುಕೊಟ್ಟ ದಾನವನ್ನು “ಮಗ ಸರಿಯಾಗಿ ನೋಡಿಕೊಳ್ಳುತ್ತಿಲ್ಲ” ಎಂದು ನೀವೊಬ್ಬರೇ ಹೋಗಿ ರದ್ದು ಮಾಡಿಸಲು ಬರುವುದಿಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಒಂದು ಬಾಗಿಲು ತೆರೆದಿದೆ: 60 ದಾಟಿದವರು ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟಿದ್ದು, ಪಡೆದವರು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ ಆ ಪತ್ರವನ್ನು ರದ್ದು ಮಾಡಬಹುದು. ರಾಯಚೂರು ಜಿಲ್ಲೆಯಲ್ಲಿ ಆ ಕಚೇರಿ ರಾಯಚೂರು ಮತ್ತು ಲಿಂಗಸುಗೂರಿನಲ್ಲಿದೆ. ಆದರೆ ಷರತ್ತು ಇತ್ತೆಂದು ತೋರಿಸಬೇಕು. 2022ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿ ಹೇಳಿತು, 2025ರ ಜನವರಿಯ ತೀರ್ಪಿನಲ್ಲಿ ಹಿರಿಯರ ಪರ ತುಸು ಸಡಿಲಿಸಿತು. ಸಡಿಲಿಕೆಯನ್ನು ನಂಬಿ ಕೂರುವುದಕ್ಕಿಂತ ದಾನಪತ್ರದೊಳಗೇ ಬರೆಸಿ: ಊಟ, ವಸತಿ, ಔಷಧೋಪಚಾರ, ತಿಂಗಳಿಗೆ ಇಷ್ಟು ಕೈಖರ್ಚು, ತಪ್ಪಿದರೆ ದಾನ ರದ್ದಾಗತಕ್ಕದ್ದು. “ಪ್ರೀತಿ ವಿಶ್ವಾಸದಿಂದ ಕೊಟ್ಟಿರುತ್ತೇನೆ” ಎಂಬ ಸಿದ್ಧ ಸಾಲೊಂದೇ ಇದ್ದರೆ ಷರತ್ತು ಎಲ್ಲಿತ್ತು ಎಂದು ಕೇಳುತ್ತಾರೆ.

ಇನ್ನೊಂದು ನಡುದಾರಿಯಿದೆ. ಒಡೆತನ ಮಗನಿಗೆ ದಾಟಿಸಿ, ಬದುಕಿರುವವರೆಗೆ ಅನುಭೋಗ, ಅಂದರೆ ಮನೆಯ ವಾಸ, ಹೊಲದ ಲಾವಣಿ (ಗುತ್ತಿಗೆ ಹಣ), ನಿಮ್ಮಲ್ಲೇ ಉಳಿಸಿಕೊಳ್ಳುವುದು. ಸ್ವಾಧೀನ ಬಿಟ್ಟುಕೊಡದಿದ್ದರೂ ನೋಂದಾಯಿತ ದಾನ ಸಿಂಧು ಎಂದು 2014ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಮಾರುವ ಹಕ್ಕು ಮಾತ್ರ ಇಬ್ಬರಲ್ಲಿ ಯಾರಿಗೂ ಸಲೀಸಾಗಿ ಇರುವುದಿಲ್ಲ, ಆಸ್ಪತ್ರೆ ಖರ್ಚಿಗೆ ಒಂದೆಕರೆ ಮಾರಬೇಕಾಗಿ ಬಂದರೆ ಕಷ್ಟ.

ಮೊಮ್ಮಗನ ಮೇಲಿನ ಅಕ್ಕರೆಯಿಂದ ಅಪ್ರಾಪ್ತನ ಹೆಸರಿಗೆ ದಾನ ಮಾಡುವವರು ಒಂದು ತಿಳಿದಿರಲಿ: ಅವನಿಗೆ 18 ತುಂಬುವವರೆಗೆ ಆ ಹೊಲವನ್ನು ಮಾರಲು, ಅಡವಿಡಲು ಜಿಲ್ಲಾ ನ್ಯಾಯಾಲಯದ ಅನುಮತಿ ಬೇಕು.

ಮುಸ್ಲಿಂ ಕುಟುಂಬಗಳಿಗೆ ಲೆಕ್ಕ ಬೇರೆ. ವಸಿಯತ್ತಿನಿಂದ ಕೊಡಬಹುದಾದದ್ದು ಅಂತ್ಯಕ್ರಿಯೆ ಖರ್ಚು, ಸಾಲ ಕಳೆದು ಉಳಿದುದರ ಮೂರನೇ ಒಂದು ಭಾಗ ಮಾತ್ರ. ಸುನ್ನಿಗಳಲ್ಲಿ ಅದನ್ನೂ ವಾರಸುದಾರನೊಬ್ಬನಿಗೆ ಕೊಡಬೇಕಾದರೆ ಉಳಿದ ವಾರಸುದಾರರು ನಿಮ್ಮ ನಂತರ ಒಪ್ಪಬೇಕು. ಆದ್ದರಿಂದ ಒಬ್ಬ ಮಗಳಿಗೆ ಮನೆ ಕೊಡುವ ಮನಸ್ಸಿದ್ದರೆ ಹಿಬಾ, ಅಂದರೆ ಮುಸ್ಲಿಂ ಕಾನೂನಿನ ದಾನ, ಹೆಚ್ಚು ಭದ್ರ. ಘೋಷಣೆ, ಸ್ವೀಕಾರ, ಸ್ವಾಧೀನ ಮೂರೂ ಆಗಬೇಕು, ಸ್ವಾಧೀನ ಬಿಡದ ಹಿಬಾ ನಿಲ್ಲುವುದಿಲ್ಲ. ಬಾಯಿಮಾತಿನ ಹಿಬಾ ಕಾನೂನಿನಲ್ಲಿ ಸಿಂಧುವಾದರೂ ಖಾತೆ ಬದಲಾವಣೆಗೆ ನೋಂದಾಯಿತ ಪತ್ರವೇ ಕೆಲಸಕ್ಕೆ ಬರುವುದು.

ವಾಟ್ನಿ: ಪಿತ್ರಾರ್ಜಿತಕ್ಕೆ ನೇರ ದಾರಿ

ಒಟ್ಟು ಕುಟುಂಬದ ಹೊಲವಾದರೆ ಸುತ್ತುಬಳಸಿ ಬೇರೇನೋ ಬರೆಯುವುದಕ್ಕಿಂತ ಎಲ್ಲರನ್ನೂ ಕೂರಿಸಿ ನೋಂದಾಯಿತ ವಿಭಾಗಪತ್ರ ಮಾಡುವುದೇ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಜಗಳವಾಗುವುದಿದ್ದರೆ ನೀವಿರುವಾಗಲೇ ಆಗಲಿ, ಬಿಡಿಸಲು ಹಿರಿಯರು ಇರುತ್ತಾರೆ. ಮುದ್ರಾಂಕ ಶುಲ್ಕ ಕುಟುಂಬದೊಳಗೆ ಪಾಲಿಗೆ ಇಷ್ಟು ಎಂಬ ನಿಗದಿತ ಮೊತ್ತ. ಪಿಟಿಸಿಎಲ್ ಜಮೀನಿಗೂ ಈ ದಾರಿ ತೆರೆದಿದೆ.

ಹೆಣ್ಣುಮಕ್ಕಳನ್ನು ಬಿಟ್ಟು ಮಾಡಿದ ವಾಟ್ನಿ ಅರೆಬರೆ. ಅವರು ಪಾಲು ಬೇಡವೆಂದರೆ ಅದೂ ಪತ್ರದಲ್ಲಿರಬೇಕು: ಪಕ್ಷಗಾರರಾಗಿ ಸಹಿ ಹಾಕಬೇಕು ಅಥವಾ ಪ್ರತ್ಯೇಕ ಹಕ್ಕು ಬಿಡುಗಡೆ ಪತ್ರ ನೋಂದಾಯಿಸಬೇಕು. ಹಬ್ಬಕ್ಕೆ ಕರೆದು, ಸೀರೆ ಕೊಟ್ಟು, ಓದಿ ಹೇಳದೆ ಹಾಕಿಸಿಕೊಂಡ ಹೆಬ್ಬೆಟ್ಟು ಮುಂದೆ ಮೋಸದ ದಾವೆಯಾಗಿ ಬರುತ್ತದೆ. ಬಿಡುವುದಕ್ಕೆ ಹಣ ಕೊಟ್ಟಿದ್ದರೆ ಮೊತ್ತವನ್ನು, ಕೊಟ್ಟ ಚೆಕ್ಕಿನ ನಂಬರನ್ನು ಪತ್ರದಲ್ಲಿ ಬರೆಯಿರಿ. “ಹಿಂದೆಯೇ ಬಾಯಿಮಾತಿನಲ್ಲಿ ವಾಟ್ನಿ ಆಗೇತಿ” ಎಂದು ಮಗಳ ಹಕ್ಕು ತಪ್ಪಿಸುವುದೂ ಸುಲಭವಲ್ಲ. 20 ಡಿಸೆಂಬರ್ 2004ಕ್ಕೆ ಮೊದಲೇ ವಿಭಾಗವಾಗಿತ್ತು ಎನ್ನಬೇಕಾದರೆ ನೋಂದಾಯಿತ ಪತ್ರ ಅಥವಾ ಕೋರ್ಟಿನ ಡಿಕ್ರಿ ಕೇಳುತ್ತಾರೆ, ಬಾಯಿಮಾತನ್ನು ತೀರಾ ಅಪರೂಪಕ್ಕೆ, ಸರ್ಕಾರಿ ದಾಖಲೆಗಳ ಬೆಂಬಲವಿದ್ದರೆ ಮಾತ್ರ ಒಪ್ಪುತ್ತಾರೆ.

ಸಮಯ ತಿನ್ನುವುದು ಅಳತೆ. ಒಂದೇ ಸರ್ವೆ ನಂಬರ್ ಒಡೆಯಬೇಕಾದರೆ 11ಇ ನಕ್ಷೆಗೆ ಅರ್ಜಿ ಹಾಕಿ, ಭೂಮಾಪಕರು ಹೊಲಕ್ಕೆ ಬಂದು ಅಳೆಯಬೇಕು. ಮೊಣಕಾಲುದ್ದದ ನೀರಿನಲ್ಲಿ ಭತ್ತ ನಿಂತಿರುವಾಗ ಸರಪಳಿ ಎಳೆಯಲಾಗದು. ಬೇಸಿಗೆಯಲ್ಲಿ ಕಾಲುವೆ ನಿಂತು ಕೊಯ್ಲಾದ ಮೇಲೆ ಅಳತೆ ಆಗುವಂತೆ ಮೊದಲೇ ಅರ್ಜಿ ಕೊಡಿ. ಬದುವಿನ ಕಲ್ಲು ಕಿತ್ತುಹೋಗಿದ್ದರೆ ಪಕ್ಕದ ಹೊಲದವರನ್ನೂ ಅವತ್ತು ಕರೆದಿರಿ.

ಟ್ರಸ್ಟ್ ಮತ್ತು ನಾಮಿನಿ

ಟ್ರಸ್ಟ್ ಎಂಬ ಮಾತು ಈಗ ಬಳ್ಳಾರಿಯ ಉದ್ಯಮದ ಮನೆಗಳಲ್ಲಿ ಕೇಳಿಬರುತ್ತದೆ. ಸ್ಥಿರಾಸ್ತಿ ಹಾಕುವುದಾದರೆ 1882ರ ಕಾಯ್ದೆಯಡಿ ನೋಂದಾಯಿತ ಪತ್ರ ಬೇಕು, ಪ್ರತ್ಯೇಕ ಪ್ಯಾನ್, ಬ್ಯಾಂಕ್ ಖಾತೆ, ಪ್ರತಿ ವರ್ಷ ಲೆಕ್ಕಪತ್ರ, ರಿಟರ್ನ್ ಬೇಕು. ಯಾರಿಗೆ ಎಷ್ಟು ಎಂದು ನಿಗದಿಮಾಡದೆ ಟ್ರಸ್ಟಿಗಳ ಮರ್ಜಿಗೆ ಬಿಟ್ಟರೆ ಆದಾಯ ತೆರಿಗೆ ಸಾಮಾನ್ಯವಾಗಿ ಗರಿಷ್ಠ ದರದಲ್ಲಿ. ಹತ್ತೆಕರೆ ಹೊಲ, ಒಂದು ಮನೆ ಇರುವವರಿಗೆ ಇದು ಬೇಡದ ಭಾರ. ಅದು ನಿಜವಾಗಿ ಬೇಕಾಗುವುದು ತನ್ನ ವ್ಯವಹಾರ ತಾನು ನೋಡಿಕೊಳ್ಳಲಾರದ ಮಗುವಿರುವಾಗ. ಅಂಥ ಮಗುವಿನ ಹೆಸರಿಗೇ ನೇರ ಬರೆದರೆ ಆಸ್ತಿ ಸಂಬಂಧಿಕರ ಕೈಗೆ ಜಾರುತ್ತದೆ. ವಿಲ್ಲಿನೊಳಗೇ ಟ್ರಸ್ಟ್ ರಚಿಸಿ, ನಿಮ್ಮ ಕಾಲಾನಂತರ ಇಬ್ಬರು ಟ್ರಸ್ಟಿಗಳು ಬಾಡಿಗೆ, ಲಾವಣಿ ಎತ್ತಿ ಮಗುವಿಗೆ ಖರ್ಚು ಮಾಡಬೇಕೆಂದು ಬರೆಯಬಹುದು, ಈಗ ಖರ್ಚಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ ಇರುವವರಿಗೆ 18 ತುಂಬಿದ ಮೇಲೆ ಪೋಷಕರನ್ನು ನೇಮಿಸುವ ಸ್ಥಳೀಯ ಸಮಿತಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿದೆ. ಟ್ರಸ್ಟ್ ರಚಿಸುವುದಕ್ಕಿಂತ ಮೊದಲು ಆ ಅರ್ಜಿ ಹಾಕಿ.

ನಾಮಿನಿ ಎಂದರೆ ವಾರಸುದಾರನಲ್ಲ. ಬ್ಯಾಂಕಿನ ಠೇವಣಿಯಲ್ಲಿ ನಾಮಿನಿ ಹಣ ಎತ್ತಿಕೊಳ್ಳುವವನು, ಒಡೆಯರು ವಾರಸುದಾರರೇ. ಷೇರುಗಳಿಗೂ ಇದೇ ಎಂದು 2023ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜೀವವಿಮೆಯಲ್ಲಿ ಮಾತ್ರ, 2015ರ ತಿದ್ದುಪಡಿಯ ನಂತರ, ಹೆಂಡತಿ-ಗಂಡ, ಮಕ್ಕಳು, ತಂದೆ-ತಾಯಿ ನಾಮಿನಿಯಾಗಿದ್ದರೆ ಹಣ ಅವರದೇ. 1 ನವೆಂಬರ್ 2025ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿ ಹಾಕಬಹುದು. ವಿಲ್ಲಿನಲ್ಲಿ ಒಂದು ಹೆಸರು, ನಾಮಿನಿಯಲ್ಲಿ ಇನ್ನೊಂದು ಇದ್ದರೆ ಮನೆಯಲ್ಲಿ ಮಾತು ಕೆಡುತ್ತದೆ. ಎರಡನ್ನೂ ಒಂದೇ ವಾರದಲ್ಲಿ ಹೊಂದಿಸಿಡಿ.

ಹಾಗಾದರೆ ಯಾರಿಗೆ ಯಾವುದು?

ಹೊಲ ಪಿತ್ರಾರ್ಜಿತ, ಪಟ್ಟಣದ ಮನೆ ನಿಮ್ಮ ಸ್ವಂತ ಗಳಿಕೆ ಎಂಬುದು ಇಲ್ಲಿಯ ಸಾಮಾನ್ಯ ಚಿತ್ರ. ಹೊಲಕ್ಕೆ ವಾಟ್ನಿ, ಮನೆಗೆ ವಿಲ್. ವಾಟ್ನಿಯಲ್ಲಿ ನಿಮ್ಮ ಹೆಸರಿಗೊಂದು ಪಾಲು ಇಟ್ಟುಕೊಳ್ಳುವುದನ್ನು ಬಿಡಬೇಡಿ. ಎಲ್ಲ ಮಕ್ಕಳಿಗೆ ಹಂಚಿ ಬರಿಗೈ ಆದವರಿಗೆ ಸೊಸೆಯ ಮುಖ ನೋಡುವುದು ತಪ್ಪುವುದಿಲ್ಲ.

ಎಲ್ಲವೂ ಸ್ವಯಾರ್ಜಿತ, ಮಕ್ಕಳಲ್ಲಿ ಒಬ್ಬ ತಕರಾರು ಮಾಡಿಯೇ ತೀರುತ್ತಾನೆಂದು ಗೊತ್ತಿದ್ದರೆ ವಿಲ್ ಒಂದನ್ನೇ ನಂಬುವುದಕ್ಕಿಂತ, ಅವನು ಅಡ್ಡಿ ಮಾಡಬಹುದಾದ ಆಸ್ತಿಯನ್ನು ಅನುಭೋಗ ಉಳಿಸಿಕೊಂಡ, ಪಾಲನೆಯ ಷರತ್ತಿರುವ ದಾನಪತ್ರದಲ್ಲಿ ಈಗಲೇ ದಾಟಿಸಿ. ಪತ್ರ ಪ್ರಶ್ನಿಸಿದರೆ ಸಾಕ್ಷಿ ಹೇಳಲು ನೀವೇ ಇರುತ್ತೀರಿ.

ಕೈಯಲ್ಲಿ ಖರ್ಚಿಗೆ ಹಣವೇ ಇಲ್ಲದವರಿಗೆ ಬಿಳಿ ಹಾಳೆಯ ವಿಲ್, ಇಬ್ಬರು ಒಳ್ಳೆಯ ಸಾಕ್ಷಿಗಳು, ಆಮೇಲೆ ಅನುಕೂಲವಾದಾಗ ನೋಂದಣಿ. ವಿಲ್ಲನ್ನು ಯಾವಾಗ ಬೇಕಾದರೂ ನೋಂದಣಿಗೆ ಒಯ್ಯಬಹುದು. ದಾನ, ವಾಟ್ನಿ ಪತ್ರಗಳಿಗಿರುವಂತೆ ನಾಲ್ಕು ತಿಂಗಳ ಗಡುವು ಇಲ್ಲ.

ಮಕ್ಕಳಿಲ್ಲದ ಹಿಂದೂ ವಿಧವೆಯರು ಮಾತ್ರ ತಡಮಾಡಬಾರದು. ವಿಲ್ ಇಲ್ಲದೆ ತೀರಿದರೆ ತವರಿನಿಂದ ಬಂದದ್ದು ತಂದೆಯ ವಾರಸುದಾರರಿಗೆ, ಗಂಡ ಅಥವಾ ಮಾವನಿಂದ ಬಂದದ್ದು ಗಂಡನ ವಾರಸುದಾರರಿಗೆ ಹೋಗುತ್ತದೆ. ಸ್ವಂತ ದುಡಿದು ಕೊಂಡದ್ದು ಕೂಡ ಮೊದಲು ಗಂಡನ ಕಡೆಗೇ. ಕೊನೆಗಾಲದಲ್ಲಿ ಅನ್ನ ಹಾಕಿದ ತಂಗಿಯ ಮಗಳಿಗೆ ಏನಾದರೂ ಸಿಗಬೇಕೆಂದರೆ ಎರಡು ಹಾಳೆಯ ವಿಲ್ ಬರೆದು, ತವರಿನ ಕಡೆಯವರೂ ಅಲ್ಲದ, ಗಂಡನ ಮನೆಯವರೂ ಅಲ್ಲದ ಇಬ್ಬರಿಂದ ಸಾಕ್ಷಿ ಹಾಕಿಸಿ, ನೋಂದಾಯಿಸಿ, ನೋಂದಣಿ ನಂಬರ್ ಬರೆದ ಚೀಟಿಯನ್ನು ಆ ಹುಡುಗಿಯ ಕೈಗೆ ಕೊಟ್ಟಿರಲಿ.